ಈಜಿ ಬಂದ ಮಗುವಿಗೆ ರಾತ್ರಿ ಕಿವಿನೋವು: ಬೆಳ್ಳುಳ್ಳಿ ಎಣ್ಣೆ ಬಿಡುವ ಮುನ್ನ ಇದನ್ನು ಓದಿ

ಬೇಸಿಗೆ ರಜೆ ಬಂತೆಂದರೆ ಈ ಫಾರ್ವರ್ಡ್ ಮತ್ತೆ ಓಡಾಡಲು ಶುರುವಾಗುತ್ತದೆ. ಈಜಿದ ಮಕ್ಕಳ ಕಿವಿಯೊಳಗೆ ನೀರು ಉಳಿದು ಕೀವಾಗುತ್ತದೆಯಂತೆ, ಅದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬೆಚ್ಚಗಿರುವಾಗಲೇ ನಾಲ್ಕು ಹನಿ ಬಿಟ್ಟರೆ ಐದು ನಿಮಿಷದಲ್ಲಿ ನೋವು ಮಾಯವಂತೆ. ಕೊನೆಗೆ ‘ಎಲ್ಲ ತಾಯಂದಿರಿಗೂ ತಲುಪಿಸಿ’ ಎಂಬ ಸಾಲು. ನಮಗೆ ಇದನ್ನು ಕಳಿಸಿ ‘ಇದು ನಿಜವೇ?’ ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ.

ಈ ಸಲ ಪ್ರಶ್ನೆ ನಮ್ಮೊಳಗಿನಿಂದಲೇ ಬಂತು. ನಮ್ಮ ತಂಡದ ಸಹೋದ್ಯೋಗಿಯೊಬ್ಬರು ನಾಲ್ಕು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ಹೊರಟು, ತೀರ್ಥಹಳ್ಳಿಯಲ್ಲಿ ಅಜ್ಜಿಯನ್ನು ಕರೆದುಕೊಂಡು, ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿದ್ದರು. ಸಂಜೆ ರೆಸಾರ್ಟಿನ ಈಜುಕೊಳದಲ್ಲಿ ಮಗು ಒಂದು ಗಂಟೆ ಆಡಿತು. ರಾತ್ರಿ ಎರಡು ಗಂಟೆಗೆ ಬಲಗಿವಿ ಹಿಡಿದುಕೊಂಡು ಎದ್ದು ಕುಳಿತು ಅಳಲು ಶುರು ಮಾಡಿತು. ಕುಟುಂಬದ ಗ್ರೂಪಿನಲ್ಲಿ ಹಿಂದೆಯೇ ಬಂದಿದ್ದ ಈ ಫಾರ್ವರ್ಡನ್ನು ಅತ್ತೆಯೊಬ್ಬರು ಹುಡುಕಿ ಮತ್ತೆ ಕಳಿಸಿದರು. ರೂಮಿನಲ್ಲಿ ಪುಟ್ಟ ಅಡುಗೆಮನೆಯಿತ್ತು, ಎಣ್ಣೆಯೂ ಕಾದಿತ್ತು.

ಆ ಎಣ್ಣೆ ಕಿವಿಗೆ ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಕಿವಿಯೊಳಗೆ ಒಂದು ಸುತ್ತು ಹೋಗಿಬರಬೇಕು.

ತಮಟೆಯ ಹೊರಗೋ, ಒಳಗೋ?

ಕಿವಿಯ ರಂಧ್ರದಿಂದ ಒಳಕ್ಕೆ ಹೋಗುವ ನಾಳ ಒಂದು ಕುರುಡು ಓಣಿ. ದೊಡ್ಡವರಲ್ಲಿ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ಕಿವಿಯ ತಮಟೆಯ ಬಳಿ ಮುಗಿಯುತ್ತದೆ. ತಮಟೆ ಎಂಬುದು ತೆಳ್ಳನೆಯ ಪೊರೆ. ಅದು ಸರಿಯಿದ್ದರೆ ಈಜುಕೊಳದ ನೀರಾಗಲಿ, ಸಮುದ್ರದ ನೀರಾಗಲಿ ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ತಮಟೆಯ ಆಚೆ ನಡುಗಿವಿ ಎಂಬ ಪುಟ್ಟ ಗಾಳಿಯ ಕೋಣೆಯಿದೆ. ಆ ಕೋಣೆಗೆ ಬಾಗಿಲಿರುವುದು ಮೂಗಿನ ಹಿಂಭಾಗದಲ್ಲಿ. ಯೂಸ್ಟೇಶಿಯನ್ ನಾಳ ಎಂಬ ಸಣ್ಣ ಕೊಳವೆ ಅಲ್ಲಿಂದ ನಡುಗಿವಿಗೆ ಗಾಳಿ ತಲುಪಿಸುತ್ತದೆ.

ಅಂದರೆ ಮಗು ‘ಕಿವಿ ನೋಯ್ತಿದೆ’ ಎಂದಾಗ ಅದು ಎರಡು ಬೇರೆ ಬೇರೆ ಕಾಯಿಲೆಗಳಲ್ಲಿ ಒಂದಿರಬಹುದು. ತಮಟೆಯ ಹೊರಗಿನ ನಾಳದ ಚರ್ಮಕ್ಕೆ ಸೋಂಕಾದರೆ ಅದು ಈಜುಗಾರರ ಕಿವಿ. ಇದಕ್ಕೂ ನೀರಿಗೂ ನೇರ ಸಂಬಂಧವಿದೆ. ತಮಟೆಯ ಒಳಗೆ, ನಡುಗಿವಿಯಲ್ಲಿ ಸೋಂಕಾದರೆ ಅದು ನೆಗಡಿಯ ಬೆನ್ನಿಗೆ ಬರುವ ಕಿವಿನೋವು. ಇದಕ್ಕೂ ಈಜಿಗೂ ಸಂಬಂಧವಿಲ್ಲ. ಮಕ್ಕಳಲ್ಲಿ ಯೂಸ್ಟೇಶಿಯನ್ ನಾಳ ಗಿಡ್ಡವಾಗಿ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದಂತಿರುತ್ತದೆ. ಮೂಗು ಕಟ್ಟಿದರೆ ಅದೂ ಕಟ್ಟಿಕೊಂಡು, ಒಳಗೆ ದ್ರವ ನಿಂತು ಸೋಂಕಾಗುವುದು ಸುಲಭ. ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೇ ಈ ಕಾಟ ಹೆಚ್ಚಿರಲು ಇದೊಂದು ಕಾರಣ.

ಫಾರ್ವರ್ಡ್ ಎಡವುವುದು ಇಲ್ಲೇ. ಅದು ಎರಡನ್ನೂ ಒಂದೇ ಎಂದುಕೊಂಡು ಎರಡಕ್ಕೂ ಒಂದೇ ಮದ್ದು ಹೇಳುತ್ತದೆ.

ಮನೆಯಲ್ಲೇ ಸುಳಿವು ಸಿಗುತ್ತದೆ. ಕಿವಿರಂಧ್ರದ ಮುಂದೆ, ಕೆನ್ನೆಯ ಕಡೆಗಿರುವ ಪುಟ್ಟ ಗುಬುಟನ್ನು ಮೆಲ್ಲಗೆ ಒತ್ತಿ ನೋಡಿ, ಕಿವಿಯನ್ನು ನಾಜೂಕಾಗಿ ಎಳೆದು ನೋಡಿ. ಮಗು ಚೀರಿಕೊಂಡರೆ ಹೊರಗಿನ ನಾಳದ ತೊಂದರೆಯಿರುವ ಸಾಧ್ಯತೆ ಹೆಚ್ಚು. ಈಜುಗಾರರ ಕಿವಿ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ನೀರಿಗಿಳಿದ ಮೇಲೆ, ಮೊದಲು ತುರಿಕೆಯಾಗಿ ಆಮೇಲೆ ನೋವಾಗಿ ಬರುತ್ತದೆ. ಎಳೆದರೆ ಹೆಚ್ಚು ನೋವಿಲ್ಲ, ಆದರೆ ನಾಲ್ಕು ದಿನದಿಂದ ಮೂಗು ಸೋರುತ್ತಿದೆ, ಮೈ ಬಿಸಿಯಿದೆ, ಮಲಗಿದರೆ ನೋವು ಜೋರಾಗುತ್ತದೆ ಎಂದಾದರೆ ನಡುಗಿವಿಯನ್ನು ಅನುಮಾನಿಸಬೇಕು. ಇದು ಸುಳಿವು ಮಾತ್ರ. ಖಚಿತವಾಗಿ ಹೇಳಬೇಕಾದವರು ಉಪಕರಣ ಹಿಡಿದು ತಮಟೆ ನೋಡುವ ವೈದ್ಯರೇ.

ನಮ್ಮ ಸಹೋದ್ಯೋಗಿ ಮಗಳ ಕಿವಿ ಎಳೆದು ನೋಡಿದಾಗ ಆಕೆ ಸುಮ್ಮನಿದ್ದಳು. ಬೆಂಗಳೂರು ಬಿಡುವಾಗಲೇ ಅವಳಿಗೆ ನೆಗಡಿಯಿತ್ತು. ಈಜಿದ್ದು ಒಂದೇ ಸಂಜೆ.

ಘಾಟಿ ಇಳಿಯುವಾಗಲೇ ಶುರುವಾಗಿತ್ತು

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಆಗುಂಬೆ ಇಳಿಯುವಾಗಲೇ ಮಗು ಕಿವಿ ಉಜ್ಜಿಕೊಳ್ಳುತ್ತಿತ್ತಂತೆ. ತಿರುವಿನ ರಸ್ತೆಗೆ ತಲೆ ಸುತ್ತಿರಬೇಕು ಎಂದು ದೊಡ್ಡವರು ಅಂದುಕೊಂಡಿದ್ದರು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಏರುತ್ತದೆ. ನಡುಗಿವಿಗೆ ಅಷ್ಟೇ ಗಾಳಿ ಸೇರಬೇಕಾದರೆ ಯೂಸ್ಟೇಶಿಯನ್ ನಾಳ ತೆರೆಯಬೇಕು. ನೆಗಡಿಯಿಂದ ಅದು ಕಟ್ಟಿದ್ದರೆ ತಮಟೆ ಒಳಕ್ಕೆ ಎಳೆದುಕೊಂಡು ನೋಯುತ್ತದೆ. ವಿಮಾನ ಇಳಿಯುವಾಗ ಹಸುಗೂಸುಗಳು ಅಳುವುದಕ್ಕೂ ಇದೊಂದು ಕಾರಣ. ಹತ್ತುವಾಗ ಅಷ್ಟು ತೊಂದರೆಯಿರುವುದಿಲ್ಲ, ಒಳಗಿನ ಗಾಳಿ ಹೊರಹೋಗುವುದು ಸುಲಭ.

ನುಂಗಿದಾಗ ಆ ನಾಳ ತೆರೆಯುತ್ತದೆ. ಆದ್ದರಿಂದ ಘಾಟಿ ಇಳಿಯುವಾಗ ಮಗುವನ್ನು ಎಚ್ಚರವಾಗಿಟ್ಟು ಗುಟುಕು ಗುಟುಕಾಗಿ ನೀರು ಕುಡಿಸಿ, ಹಸುಗೂಸಾದರೆ ಗಾಡಿ ನಿಲ್ಲಿಸಿ ಹಾಲೂಡಿಸಿ. ಆಗುಂಬೆಯಾಗಲಿ, ಶಿರಾಡಿಯಾಗಲಿ, ಚಾರ್ಮಾಡಿಯಾಗಲಿ, ಇದು ಎಲ್ಲ ಘಾಟಿಗೂ ಅನ್ವಯ.

ಎಣ್ಣೆ ಬಿಟ್ಟರೆ ಏನಾಗುತ್ತದೆ?

ನಡುಗಿವಿಯ ಸೋಂಕಿದ್ದರೆ, ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ. ಸೋಂಕಿರುವುದು ಆಚೆಗೆ. ಸ್ವಲ್ಪ ಹೊತ್ತು ಬಿಸಿಯಿಂದ ಹಾಯೆನಿಸಬಹುದು, ಕಾಯಿಲೆಗೆ ಏನೂ ಆಗುವುದಿಲ್ಲ. ಹೊರನಾಳದ ಸೋಂಕಿದ್ದರೆ, ಊದಿಕೊಂಡ ಚರ್ಮದ ಮೇಲೆ ಎಣ್ಣೆ ಕುಳಿತು ತೇವವನ್ನೂ ಕೊಳೆಯನ್ನೂ ಅಲ್ಲೇ ಹಿಡಿದಿಡುತ್ತದೆ. ಕರಾವಳಿಯ ಸೆಕೆ ಮತ್ತು ತೇವದಲ್ಲಿ ಕಿವಿಯೊಳಗೆ ಶಿಲೀಂಧ್ರ, ಅಂದರೆ ಬೂಷ್ಟು ಬೆಳೆಯುವುದು ಹೊಸದೇನಲ್ಲ. ಹಸಿ ಬೆಳ್ಳುಳ್ಳಿ ಚರ್ಮಕ್ಕೆ ತಾಗಿ ಸುಟ್ಟಗಾಯವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್ನು ‘ಬೆಚ್ಚಗೆ’ ಎಂದರೆ ಎಷ್ಟು? ರಾತ್ರಿ ಎರಡು ಗಂಟೆಗೆ, ಅಳುವ ಮಗುವಿನ ಮುಂದೆ, ನಿದ್ದೆಗಣ್ಣಿನಲ್ಲಿ ಅದನ್ನು ಅಳೆಯುವವರು ಯಾರು?

ದೊಡ್ಡ ಅಪಾಯ ಬೇರೆಯೇ ಇದೆ. ಕೆಲವೊಮ್ಮೆ ನಡುಗಿವಿಯಲ್ಲಿ ಕೀವಿನ ಒತ್ತಡ ಹೆಚ್ಚಿ ತಮಟೆಯಲ್ಲಿ ಸಣ್ಣ ತೂತಾಗುತ್ತದೆ. ಆಗ ಹೊರಗಿನಿಂದ ಬಿಟ್ಟದ್ದೆಲ್ಲ ನೇರವಾಗಿ ಒಳಗಿನ ಕೋಣೆಗೆ. ತೂತಾಗಿದೆಯೇ ಎಂಬುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಈ ಮಗುವಿಗೆ ಆಗಿದ್ದೂ ಅದೇ. ಬೆಳಗಿನ ಜಾವ ದಿಂಬು ಹಳದಿಯಾಗಿ ಒದ್ದೆಯಾಗಿತ್ತು, ಮಗು ನೆಮ್ಮದಿಯಾಗಿ ಮಲಗಿತ್ತು. ಒತ್ತಡ ಇಳಿದದ್ದರಿಂದ ನೋವೂ ಇಳಿದಿತ್ತು. ಎಣ್ಣೆ ಬಿಟ್ಟಿದ್ದರೆ ಎರಡು ಆಗುತ್ತಿತ್ತು: ಎಣ್ಣೆ ನಡುಗಿವಿಗೆ ಇಳಿಯಬಹುದಿತ್ತು, ‘ಎಣ್ಣೆಯಿಂದಲೇ ನೋವು ಹೋಯಿತು’ ಎಂಬ ಇನ್ನೊಂದು ಫಾರ್ವರ್ಡೂ ಹುಟ್ಟುತ್ತಿತ್ತು.

ಹಾಗಾದರೆ ಅಜ್ಜಿಯರಿಗೆ ಎಣ್ಣೆಯ ನಂಬಿಕೆ ಬಂದದ್ದೆಲ್ಲಿಂದ? ಅದರಲ್ಲಿ ಒಂದು ಎಳೆ ನಿಜವಿದೆ. ಕಿವಿಯೊಳಗೆ ಜೀವಂತ ಹುಳು ಹೊಕ್ಕು ಒದ್ದಾಡುತ್ತಿದ್ದರೆ, ತಮಟೆ ಗಟ್ಟಿಯಿದ್ದವರಿಗೆ ಉಗುರುಬೆಚ್ಚಗೂ ಅಲ್ಲದ ಸಾದಾ ಎಣ್ಣೆ ಬಿಟ್ಟು ಅದನ್ನು ಸಾಯಿಸಿ, ಆಮೇಲೆ ವೈದ್ಯರಿಂದ ತೆಗೆಸುವುದು ಒಪ್ಪಿತ ಪ್ರಥಮ ಚಿಕಿತ್ಸೆ. ಗಟ್ಟಿಯಾದ ಗುಗ್ಗೆ ಮೆತ್ತಗಾಗಲು ವೈದ್ಯರೇ ಎಣ್ಣೆ ಹೇಳುವುದೂ ಉಂಟು. ನೋವಿಗೆ, ಕೀವಿಗೆ ಅಲ್ಲ.

ಆ ರಾತ್ರಿ ಮಾಡಬೇಕಾದದ್ದು

ಮೊದಲು ನೋವು ಕಡಿಮೆ ಮಾಡಿ. ಮಕ್ಕಳಿಗೆ ಪ್ಯಾರಸಿಟಮಾಲ್ ಪ್ರಮಾಣವನ್ನು ವಯಸ್ಸಿಗಿಂತ ತೂಕದಿಂದ ಲೆಕ್ಕ ಹಾಕುವುದು ಸರಿ. ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ. 14 ಕಿಲೋ ಮಗುವಿಗೆ 140ರಿಂದ 210 ಮಿಲಿಗ್ರಾಂ ಆಯಿತು. ಬಾಟಲಿಯ ಲೇಬಲ್ ಓದುವುದು ಮುಖ್ಯ. ನಮ್ಮಲ್ಲಿ 5 ಮಿಲಿಲೀಟರ್‌ಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಒಂದೇ ಚಮಚದಲ್ಲಿ ಎರಡು ಪಟ್ಟು ವ್ಯತ್ಯಾಸ! ಹಸುಗೂಸುಗಳಿಗೆ ಬರುವ ಡ್ರಾಪ್ಸ್ ಇನ್ನೂ ಗಾಢ, ಅದನ್ನು ಚಮಚದಲ್ಲಿ ಅಳೆಯಲೇಬಾರದು. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಏನೂ ಕೊಡಬೇಡಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ತಲೆಯನ್ನು ಸ್ವಲ್ಪ ಎತ್ತರಕ್ಕಿಟ್ಟು ಮಲಗಿಸಿ. ಬಟ್ಟೆಯನ್ನು ಹದವಾಗಿ ಬೆಚ್ಚಗೆ ಮಾಡಿ, ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ, ಕಿವಿಯ ಹೊರಗೆ ಹಿಡಿಯಬಹುದು. ಕಿವಿಯೊಳಗೆ ಬಡ್ಸ್, ಹೇರ್‌ಪಿನ್, ಎದೆಹಾಲು, ಸ್ಪಿರಿಟ್, ಹೋದ ವರ್ಷ ಉಳಿದ ಡ್ರಾಪ್ಸ್ ಯಾವುದೂ ಬೇಡ. ಹಳೆಯ ಡ್ರಾಪ್ಸ್ ಬಗ್ಗೆ ಬಿಡಿಸಿ ಹೇಳಬೇಕು. ಜೆಂಟಾಮೈಸಿನ್, ನಿಯೋಮೈಸಿನ್ ಬಗೆಯ ಔಷಧಗಳು ತಮಟೆ ತೂತಾಗಿದ್ದರೆ ಒಳಗಿವಿಗೆ ಇಳಿದು ಕೇಳುವ ಶಕ್ತಿಗೇ ಪೆಟ್ಟು ಕೊಡಬಹುದು. ಅದಕ್ಕೇ ಯಾವ ಹನಿ ಎಂಬುದನ್ನು ಕಿವಿ ನೋಡಿಯೇ ತೀರ್ಮಾನಿಸುತ್ತಾರೆ.

ಬೆಳಗಾದ ಮೇಲೆ ವೈದ್ಯರ ಬಳಿ ಹೋದರೆ ಸಾಕೇ? ಹೆಚ್ಚಿನ ಸಲ ಸಾಕು. ಆದರೆ ಕಿವಿಯ ಹಿಂದಿನ ಮೂಳೆಯ ಜಾಗ ಕೆಂಪಾಗಿ ಊದಿ ಕಿವಿ ಮುಂದಕ್ಕೆ ಚಾಚಿದಂತೆ ಕಂಡರೆ, ಮುಖ ಒಂದು ಕಡೆ ಸೊಟ್ಟಗಾದರೆ, ಕುತ್ತಿಗೆ ಬಿಗಿಯಾದರೆ, ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ, ಆರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಿನವರೆಗೆ ಕಾಯಬಾರದು. ಕಿವಿಯಲ್ಲಿ ಗುಂಡಿಯಾಕಾರದ ಬ್ಯಾಟರಿ ಸಿಕ್ಕಿಕೊಂಡಿದ್ದರೂ ಅಷ್ಟೇ. ಅದು ಕೆಲವೇ ಗಂಟೆಗಳಲ್ಲಿ ಚರ್ಮ ಸುಡುತ್ತದೆ.

ವೈದ್ಯರು ಆ್ಯಂಟಿಬಯಾಟಿಕ್ ಬರೆಯದಿದ್ದರೆ ‘ಸರಿಯಾಗಿ ನೋಡಲಿಲ್ಲ’ ಎಂದುಕೊಳ್ಳಬೇಡಿ. ಎರಡು ವರ್ಷ ದಾಟಿದ ಮಗುವಿಗೆ ನೋವು ಸಾಧಾರಣವಿದ್ದು, ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟದೆ, ಕಿವಿ ಸೋರದಿದ್ದರೆ ಎರಡು ಮೂರು ದಿನ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ನಡುಗಿವಿಯ ಸೋಂಕು ಎಷ್ಟೋ ಸಲ ತಾನಾಗಿ ವಾಸಿಯಾಗುತ್ತದೆ. ಈಜುಗಾರರ ಕಿವಿಗೆ ಸಾಮಾನ್ಯವಾಗಿ ನುಂಗುವ ಮಾತ್ರೆ ಬೇಕಿಲ್ಲ, ಹನಿ ಔಷಧವೇ ಮುಖ್ಯ. ಹನಿ ಬಿಡುವ ಮುನ್ನ ಬಾಟಲಿಯನ್ನು ಅಂಗೈಯಲ್ಲಿ ಎರಡು ನಿಮಿಷ ಹಿಡಿದುಕೊಳ್ಳಿ, ತಣ್ಣನೆಯ ಹನಿ ಬಿದ್ದರೆ ತಲೆ ಗಿರ್ರೆನ್ನುತ್ತದೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೂರು ವರ್ಷದೊಳಗಿದ್ದರೆ ಕಿವಿಯನ್ನು ಕೆಳಕ್ಕೆ ಹಿಂದಕ್ಕೆ, ದೊಡ್ಡದಾದರೆ ಮೇಲಕ್ಕೆ ಹಿಂದಕ್ಕೆ ಎಳೆದು ಹನಿ ಬಿಡಿ.

ಮತ್ತೆ ನೀರಿಗೆ ಯಾವಾಗ?

ಮಕ್ಕಳು ಮೊದಲು ಕೇಳುವುದೇ ಇದನ್ನು. ಈಜುಗಾರರ ಕಿವಿಯಾಗಿದ್ದರೆ ಚಿಕಿತ್ಸೆ ಮುಗಿಯುವವರೆಗೆ, ಅಂದರೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಕಿವಿಗೆ ನೀರು ಬೇಡ. ಸ್ನಾನಕ್ಕೂ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಷ್ಟೇ ಇಟ್ಟು, ಸ್ನಾನ ಮುಗಿದೊಡನೆ ತೆಗೆಯಿರಿ. ನಡುಗಿವಿಯ ಸೋಂಕಾಗಿದ್ದು, ತಮಟೆ ಸರಿಯಿದೆ ಎಂದು ವೈದ್ಯರು ಹೇಳಿದ್ದರೆ ಜ್ವರ, ನೋವು ಹೋದ ಮೇಲೆ ಈಜಬಹುದು. ಕಿವಿ ಸೋರಿದ್ದರೆ ಮಾತ್ರ ತೂತು ಮುಚ್ಚಿದೆ ಎಂದು ಖಚಿತವಾಗುವವರೆಗೆ ಕಾಯಲೇಬೇಕು. ಕಿವಿಗೆ ಗ್ರಾಮೆಟ್ ಹಾಕಿಸಿದ ಮಕ್ಕಳಿಗೆ ಈಜೇ ಕೂಡದು ಎಂಬ ಹಳೆಯ ಕಟ್ಟುಪಾಡು ಈಗ ಸಡಿಲವಾಗಿದೆ. ಸ್ವಚ್ಛವಾದ ಕೊಳದಲ್ಲಿ ಮೇಲ್ಮೇಲೆ ಈಜಲು ಹೆಚ್ಚಿನವರಿಗೆ ಇಯರ್‌ಪ್ಲಗ್ ಕೂಡ ಬೇಕಾಗುವುದಿಲ್ಲ. ಆಳಕ್ಕೆ ಮುಳುಗುವುದು, ಕೆರೆ ಹೊಳೆಯ ನೀರು, ಸಾಬೂನಿನ ನೀರು ಇವುಗಳ ಬಗ್ಗೆ ನಿಮ್ಮ ಇಎನ್‌ಟಿ ವೈದ್ಯರನ್ನೇ ಕೇಳಿ.

ಆರೋಗ್ಯವಾಗಿರುವ ಕಿವಿಗೆ ಮುಂಜಾಗ್ರತೆ ತೀರಾ ಸರಳ. ನೀರಿನಿಂದ ಬಂದೊಡನೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಿವಿಯನ್ನು ಆಚೀಚೆ ಎಳೆದು ನೀರು ಸುರಿದುಹೋಗಲು ಬಿಡಿ, ಹೊರಗಡೆ ಟವೆಲ್‌ನಿಂದ ಒರೆಸಿ. ಗುಗ್ಗೆಯನ್ನು ಕೆರೆದು ತೆಗೆಯಬೇಡಿ. ಅದು ಸ್ವಲ್ಪ ಆಮ್ಲೀಯವಾಗಿದ್ದು, ನೀರು ಮತ್ತು ಬ್ಯಾಕ್ಟೀರಿಯಾಗಳಿಂದ ಚರ್ಮವನ್ನು ಕಾಯುತ್ತದೆ. ರಜೆಗೆ ಮುನ್ನ ‘ಕಿವಿ ಕ್ಲೀನ್’ ಮಾಡಿ ಕರೆದೊಯ್ಯುವವರು ಆ ರಕ್ಷಣೆಯನ್ನೇ ಕಿತ್ತುಹಾಕಿ ಕರೆದೊಯ್ದಂತೆ.

ಈಜುಕೊಳ ಗಮ್ಮೆಂದು ಕ್ಲೋರಿನ್ ನಾತ ಹೊಡೆಯುತ್ತಿದ್ದರೆ ನೀರು ಶುದ್ಧ ಎಂಬುದೂ ತಪ್ಪು. ಆ ನಾತ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ನದು. ನೀರಿನಲ್ಲಿ ಲೀಟರ್‌ಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಪಿಎಚ್ 7.8 ಮೀರಬಾರದು. ರೆಸಾರ್ಟಿನವರನ್ನು ಕೇಳಲು ಸಂಕೋಚ ಬೇಡ, ದಿನದ ಲೆಕ್ಕ ಬರೆದಿಡುವವರು ಕೂಡಲೇ ತೋರಿಸುತ್ತಾರೆ.

ಮಲ್ಪೆಯಲ್ಲಿ ಉಳಿದ ಎರಡು ದಿನ ಆ ಮಗು ಬಕೆಟ್ಟು ಹಿಡಿದು ಮರಳಿನಲ್ಲಿ ಮನೆ ಕಟ್ಟಿತು. ಅಜ್ಜಿ ಕಾಯಿಸಿದ್ದ ಎಣ್ಣೆ ಮರುದಿನ ಒಗ್ಗರಣೆಗೆ ಹೋಯಿತು. ಊರಿಗೆ ಮರಳಿ ನಾಲ್ಕು ವಾರಕ್ಕೆ ವೈದ್ಯರು ಮತ್ತೆ ಕಿವಿ ನೋಡಿ, ತೂತು ಮುಚ್ಚಿದೆ ಎಂದರು. ಅತ್ತೆಯವರಿಗೆ ಈ ಲೇಖನವನ್ನು ಮೊದಲೇ ಓದಿ ಹೇಳಿದ್ದೇವೆ. ಗ್ರೂಪಿಗೆ ತಾವೇ ಕಳಿಸುವುದಾಗಿ ಹೇಳಿದ್ದಾರೆ.