ಡಬ್ಬಿ ಕೊಟ್ಟು ವಿಮಾನ ತಂದ ಕಥೆ

ಊಟದ ಪೊಟ್ಟಣ ಹಂಚಿ ಹೋಗಿದ್ದ ಗಗನಸಖಿ ಸ್ವಲ್ಪ ಹೊತ್ತಿಗೇ ಮತ್ತೆ ಬಂದರು. ಈ ಸಲ ಎಡಗೈಯಲ್ಲಿ ಕೆಂಪು ಮೆಣಸಿನ ಚಟ್ನಿ ತುಂಬಿದ ಡಬ್ಬ, ಬಲಗೈಯಲ್ಲಿ ಚಮಚ. ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುವವರ ಹಾಗೆ ಸಾಲುಸಾಲಿಗೂ ನಿಂತು, ಬೇಕೇ ಎಂದು ಕೇಳಿ, ಹೂಂ ಅಂದವರ ಅನ್ನದ ಮೇಲೆ ಒಂದೊಂದು ಚಮಚ ಹಾಕಿ ಮುಂದೆ ಹೋಗುತ್ತಿದ್ದರು. ಬೇಡ ಅಂದವರು ನನ್ನ ಸುತ್ತಮುತ್ತ ಯಾರೂ ಇರಲಿಲ್ಲ. ನಾನೂ ಹಾಕಿಸಿಕೊಂಡೆ. ನಾಲಿಗೆ ಮೊದಲು ಉರಿಯಿತು, ಆಮೇಲೆ ಜುಮ್ಮೆಂದಿತು. ಆ ಜುಮ್ಮು ಸಿಚುವಾನ್ ಮೆಣಸಿನದು. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳ ಕೂಡ ಅದೇ ಕುಲದ ಗಿಡದ ಕಾಯಿ.

ಚೆಂಗ್ಡುವಿನಿಂದ ಬೀಜಿಂಗಿಗೆ ಹೊರಟಿದ್ದ ಸಿಚುವಾನ್ ಏರ್‌ಲೈನ್ಸ್ ವಿಮಾನ ಅದು. ಪಕ್ಕದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಅವರಾಚೆ ಇಂಗ್ಲಿಷ್ ಬಲ್ಲ ಮಗಳು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರಿಗೆ ಖುಷಿಯಾಯಿತು. ಮಾತು ಅಲ್ಲಿಂದಲೇ ಶುರುವಾಯಿತು. ತಮ್ಮದು ವಾನ್‌ಶಿಯಾನ್ ಅಂದರು. ಯಾಂಗ್ಸಿ ನದಿಯ ದಂಡೆಯ ಆ ಊರಿಗೆ ಈಗ ವಾನ್‌ಝೌ ಎಂದು ಹೆಸರು, ಸೇರಿರುವುದು ಚಾಂಗ್‌ಕಿಂಗ್ ಮಹಾನಗರಕ್ಕೆ. ಅವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ. "ಈ ಕಂಪನಿಯ ಮೊದಲ ವಿಮಾನ ಬಂದದ್ದು ನಮ್ಮ ಊರಿಗೆ. ದೊಡ್ಡ ವಿಮಾನಗಳನ್ನು ತಂದುಕೊಟ್ಟವನೂ ನಮ್ಮ ಊರಿನವನೇ, ಡಬ್ಬಿ ತಿಂಡಿ ಕೊಟ್ಟು ತಂದ" ಅಂದರು. ಮಗಳು ಅನುವಾದಿಸುತ್ತಾ ನಕ್ಕಳು, ಅಪ್ಪ ಈ ಕಥೆ ಹೇಳುವುದು ಇದೇ ಮೊದಲಲ್ಲ ಎಂಬಂತೆ.

ಆ ಕಂಪನಿಯ ಬಗ್ಗೆ ಅಷ್ಟರತನಕ ನನಗೆ ಗೊತ್ತಿದ್ದದ್ದು 2018ರಲ್ಲಿ ಕಾಕ್‌ಪಿಟ್ಟಿನ ಗಾಜು ಹಾರಿಹೋದ ಪ್ರಸಂಗ ಮಾತ್ರ. ಡಬ್ಬಿಯ ಕಥೆ ಕೇಳಿದ ಮೇಲೆ ಬೀಜಿಂಗಿನಲ್ಲಿ ಮಾಡಬೇಕಿದ್ದ ಕೆಲಸಗಳೆಲ್ಲ ಹಿಂದಕ್ಕೆ ಸರಿದವು. ಹಳೆಯ ಪತ್ರಿಕೆಗಳಲ್ಲಿ ಹುಡುಕುತ್ತಾ ಹೋದೆ. ಮೇಷ್ಟ್ರು ಹೇಳಿದ್ದು ನಿಜ.

ಸಿಚುವಾನ್ ಪ್ರಾಂತ್ಯದ ಸರ್ಕಾರ ಈ ಸಂಸ್ಥೆಯನ್ನು ಹುಟ್ಟುಹಾಕಿದ್ದು 1986ರ ಸೆಪ್ಟೆಂಬರ್ 19ರಂದು. ಹಾರಾಟ ಶುರುವಾದದ್ದು 1988ರ ಜುಲೈ 14ಕ್ಕೆ, ಚೆಂಗ್ಡುವಿನಿಂದ ವಾನ್‌ಶಿಯಾನ್‌ಗೆ. ಆ ಊರಿಗೆ ಆಗ ರೈಲು ಇರಲಿಲ್ಲ. ಇದ್ದದ್ದು ನದಿಯ ದೋಣಿ ಮತ್ತು ಬೆಟ್ಟದ ರಸ್ತೆ. ವಿಮಾನವೋ, ಸೋವಿಯತ್ತಿನ ಅಂಟೊನೊವ್-24ರ ಮಾದರಿಯಲ್ಲಿ ಶಿಯಾನ್ ನಗರದಲ್ಲಿ ತಯಾರಾಗುತ್ತಿದ್ದ ವೈ-7. ಎರಡು ಪ್ರೊಪೆಲ್ಲರ್, ಐವತ್ತರ ಆಸುಪಾಸು ಸೀಟು. ಇಂಥ ಸಣ್ಣ ವಿಮಾನ ಇಟ್ಟುಕೊಂಡು ಬೀಜಿಂಗ್, ಶಾಂಘೈಗೆ ಹಾರುವ ಕನಸು ಕಾಣುವಂತಿರಲಿಲ್ಲ. ಜೆಟ್ ಕೊಳ್ಳೋಣ ಎಂದರೆ ಡಾಲರ್ ಬೇಕು, ಪ್ರಾಂತ್ಯದ ಸಂಸ್ಥೆಗೆ ಡಾಲರ್ ಎಲ್ಲಿಂದ ಬರಬೇಕು?

ಇಲ್ಲಿ ಬರುತ್ತಾರೆ ಮೌ ಚಿಝೊಂಗ್. 1941ರಲ್ಲಿ ವಾನ್‌ಶಿಯಾನ್‌ನಲ್ಲಿ ಹುಟ್ಟಿದವರು, ಅಲ್ಲಿನ ಗಾಜಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಸಾಂಸ್ಕೃತಿಕ ಕ್ರಾಂತಿಯ ಕೊನೆಗಾಲದಲ್ಲಿ ಚೀನಾ ಎತ್ತ ಸಾಗುತ್ತಿದೆ ಎಂದು ಪ್ರಶ್ನಿಸುವ ಲೇಖನ ಬರೆದು ಜೈಲು ಸೇರಿದರು. ಹೊರಬಂದು 1980ರಲ್ಲಿ 300 ಯುವಾನ್ ಸಾಲ ಮಾಡಿ ವ್ಯಾಪಾರಕ್ಕೆ ಇಳಿದರು. ಗಡಿಯಾರದ ವಹಿವಾಟು ಮಾಡಿ 1983ರಲ್ಲಿ ಮತ್ತೆ ಜೈಲು, ಆ ಸಲ ಹೊರಿಸಿದ ಅಪರಾಧ ಲಾಭಕೋರತನ. ಬೇರೆಯವರಾಗಿದ್ದರೆ ಅಷ್ಟಕ್ಕೇ ಸಾಕು ಎನ್ನುತ್ತಿದ್ದರು.

1989ರಲ್ಲಿ ಬೀಜಿಂಗ್ ರೈಲಿನಲ್ಲಿ ಸಿಕ್ಕ ಸಹಪ್ರಯಾಣಿಕನೊಬ್ಬ, ಸೋವಿಯತ್ತಿನವರು ಟುಪೊಲೆವ್ ವಿಮಾನಗಳನ್ನು ಮಾರಬೇಕೆಂದಿದ್ದಾರೆ, ಕೊಳ್ಳುವವರಿಲ್ಲ ಎಂದು ಇವರ ಕಿವಿಗೆ ಹಾಕಿದನಂತೆ. ರೈಲಿನ ಮಾತು ದಂತಕಥೆಯೇ ಇರಬಹುದು, ಆ ಕಾಲದ ಪರಿಸ್ಥಿತಿ ಮಾತ್ರ ದಂತಕಥೆಯಲ್ಲ. ಸೋವಿಯತ್ ಅಂಗಡಿಗಳ ಮುಂದೆ ಸಾಬೂನಿಗೂ ಸಕ್ಕರೆಗೂ ಜನ ಸಾಲು ನಿಲ್ಲುತ್ತಿದ್ದರು. ಇತ್ತ ಚೀನಾದಲ್ಲಿ ಹಣದುಬ್ಬರಕ್ಕೆ ಕಡಿವಾಣ ಹಾಕಲು ಸರ್ಕಾರ ಸಾಲ ಬಿಗಿ ಮಾಡಿತ್ತು, ಕೊಳ್ಳುವವರಿಲ್ಲದೆ ಕಾರ್ಖಾನೆಗಳ ಗೋದಾಮು ತುಂಬಿ ಸರಕು ಕೊಳೆಯುತ್ತಿತ್ತು. ಒಬ್ಬರ ಬಳಿ ವಿಮಾನ ಹೆಚ್ಚಾಗಿದೆ, ಊಟ ಬಟ್ಟೆ ಇಲ್ಲ. ಇನ್ನೊಬ್ಬರ ಬಳಿ ಊಟ ಬಟ್ಟೆ ಹೆಚ್ಚಾಗಿದೆ, ವಿಮಾನ ಇಲ್ಲ. ಇಬ್ಬರ ಹತ್ತಿರವೂ ಡಾಲರ್ ಇಲ್ಲ. ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಲಾಭವೇ. ಆದರೆ ನಡುವೆ ನಿಂತು ಮಾಡಿಸುವವರು ಬೇಕಿತ್ತು, ಮೌ ಆ ಜಾಗದಲ್ಲಿ ನಿಂತರು.

ವಿಮಾನ ಮಾರುವ ಪರವಾನಗಿ ಅವರ ಹತ್ತಿರ ಇರಲಿಲ್ಲ. ವಿದೇಶ ವ್ಯಾಪಾರದ ಹಕ್ಕೂ ಇರಲಿಲ್ಲ, ಅದು ಆಗ ಸರ್ಕಾರಿ ಕಂಪನಿಗಳದ್ದೇ. ಅಂಥದೊಂದು ಕಂಪನಿಯನ್ನು ಜತೆಗೆ ಸೇರಿಸಿಕೊಂಡು, ವಿಮಾನ ತಂದರೆ ಕೊಳ್ಳುತ್ತೀರಾ ಎಂದು ಸಿಚುವಾನ್ ಏರ್‌ಲೈನ್ಸ್ ಅನ್ನು ಕೇಳಿದರು. ಸಂಸ್ಥೆ ಒಪ್ಪಿತು. ಅತ್ತ ಡಬ್ಬಿ ಆಹಾರ, ಬಟ್ಟೆಬರೆ, ಚಪ್ಪಲಿ ಬೂಟು ಹೊತ್ತ ರೈಲು ಡಬ್ಬಿಗಳು ಹೊರಟವು. ಇತ್ತ 1991ರಿಂದ ಮೊದಲ್ಗೊಂಡು ನಾಲ್ಕು ಟಿಯು-154ಎಂ ವಿಮಾನಗಳು ಚೆಂಗ್ಡುವಿಗೆ ಬಂದು ಇಳಿದವು. ಬಾಲದ ಬಳಿ ಮೂರು ಎಂಜಿನ್, ನೂರಕ್ಕೂ ಹೆಚ್ಚು ಜನ ಕೂರುವ ಜಾಗ. ಬೇಲಿಯಾಚೆ ನಿಂತು ನೋಡಲು ಜನ ಸೇರಿದ್ದರು ಎಂದು ಮೇಷ್ಟ್ರು ಹೇಳಿದರು. ಆ ಜನರ ನಡುವೆ ತಾವೂ ಇದ್ದರೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ವಹಿವಾಟಿನ ಬಗ್ಗೆ ಓಡಾಡುವ ಅಂಕಿಗಳಿಗೆ ಲೆಕ್ಕವಿಲ್ಲ. 500 ರೈಲು ಡಬ್ಬಿ ಸರಕು, 300 ಕಾರ್ಖಾನೆ, ಕೋಟಿಗಟ್ಟಲೆ ಲಾಭ ಇತ್ಯಾದಿ. ಮೊದಲು ಬಂದ ವಿಮಾನವನ್ನೇ ಬ್ಯಾಂಕಿಗೆ ಒತ್ತೆಯಿಟ್ಟು, ಆ ಸಾಲದಲ್ಲಿ ಸರಕು ಕೊಂಡು ಕಳಿಸಿ, ಅದರ ಮೇಲೆ ಮುಂದಿನ ವಿಮಾನ ತರಿಸಿದರು ಎಂಬುದೂ ಜನಜನಿತ. ಈ ಮಾತುಗಳಲ್ಲಿ ಬಹುಪಾಲು ಬಂದದ್ದು ಮೌ ಅವರ ಬಾಯಿಂದಲೇ, ಮತ್ತು ಅವರು ತಮ್ಮ ಕಥೆಯನ್ನು ಹಿಗ್ಗಿಸಿ ಹೇಳುವುದರಲ್ಲಿ ಗಟ್ಟಿಗರು. ಹಿಮಾಲಯದಲ್ಲಿ 50 ಕಿಲೋಮೀಟರ್ ಅಗಲದ ಕಂಡಿ ಕೊರೆದು ಹಿಂದೂ ಮಹಾಸಾಗರದ ತೇವದ ಗಾಳಿಯನ್ನು ಚೀನಾದ ಒಣ ನೆಲಕ್ಕೆ ಹರಿಸಬೇಕು ಎಂದವರೆಂದು ಹೆಸರಾದವರೂ ಇವರೇ. ನಮ್ಮ ಮುಂಗಾರನ್ನು ಬೆಟ್ಟದಾಚೆಗೆ ಸಾಗಿಸುವ ಯೋಚನೆ! 1999ರಲ್ಲಿ ಬಂಧನ, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ವಂಚನೆಯ ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ಜೀವಾವಧಿ ಶಿಕ್ಷೆ, ಕಡೆಗೆ 2016ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ. ಅಂತೆಕಂತೆಗಳನ್ನೆಲ್ಲ ಜರಡಿ ಹಿಡಿದ ಮೇಲೂ ನಾಲ್ಕು ವಿಮಾನ ಬಂದದ್ದು ಉಳಿಯುತ್ತದೆ.

ಇಷ್ಟಾದರೂ ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ಮೌ ಅವರಿಗಲ್ಲ, ಸಿಚುವಾನ್ ಏರ್‌ಲೈನ್ಸ್‌ಗೆ. ಎರಡು ಸಲ ಜೈಲು ಕಂಡ, ಕೈಯಲ್ಲಿ ಪರವಾನಗಿಯಿಲ್ಲದ ಮನುಷ್ಯ ಬಂದು ವಿಮಾನ ತರಿಸಿಕೊಡುತ್ತೇನೆ ಎಂದಾಗ ಬಾಗಿಲು ಮುಚ್ಚದೆ ಕೂರಿಸಿ ಕೇಳಿದ ಅಧಿಕಾರಿಗಳು ಯಾರೋ, ಅವರ ಹೆಸರು ಈ ಕಥೆ ಹೇಳುವ ಯಾರ ಬಾಯಲ್ಲೂ ಬರುವುದಿಲ್ಲ. ಆ ಸಂಸ್ಥೆ ಪ್ರೊಪೆಲ್ಲರ್‌ನಿಂದ ಜೆಟ್‌ಗೆ ಜಿಗಿದದ್ದು ಅವರ ಧೈರ್ಯದಿಂದ.

ಟುಪೊಲೆವ್‌ಗಳ ಆಟ ಹೆಚ್ಚು ದಿನ ನಡೆಯಲಿಲ್ಲ. ಇಂಧನ ಬಹಳ ಕುಡಿಯುತ್ತಿದ್ದವು. ಬೇರೆ ಸಂಸ್ಥೆಗಳ ಟಿಯು-154ಗಳು 1994ರಲ್ಲಿ ಶಿಯಾನ್ ಬಳಿ, 1999ರಲ್ಲಿ ವೆನ್‌ಝೌ ಬಳಿ ಬಿದ್ದು ಒಟ್ಟು 221 ಜನ ಸತ್ತರು. ಆಮೇಲೆ ಚೀನಾದ ಪ್ರಯಾಣಿಕ ಸೇವೆಯಿಂದಲೇ ಆ ವಿಮಾನ ಮರೆಯಾಯಿತು. ಅಷ್ಟರೊಳಗೆ ಸಿಚುವಾನ್ ಏರ್‌ಲೈನ್ಸ್ ಏರ್‌ಬಸ್ ಕಡೆ ಹೊರಳಿತ್ತು. ಚೀನಾದ ಮುಖ್ಯ ಭೂಭಾಗಕ್ಕೆ ಎ320 ತಂದ ಮೊದಲ ಸಂಸ್ಥೆ ಅದೇ, 1995ರಲ್ಲಿ. 2000ದಲ್ಲಿ ಬ್ರೆಜಿಲ್‌ನ ಎಂಬ್ರಾಯರ್ ಇಆರ್‌ಜೆ-145 ತಂದದ್ದರಲ್ಲೂ ಅದೇ ಮೊದಲು. ತಿಯಾನ್‌ಜಿನ್ ಕಾರ್ಖಾನೆಯಲ್ಲಿ ಜೋಡಿಸಿದ ಮೊದಲ ಎ320 ಕೂಡ 2009ರ ಜೂನ್‌ನಲ್ಲಿ ಹೋದದ್ದು ಇದರ ಸೇವೆಗೆ. 2012ರಲ್ಲಿ ಶೆನ್‌ಯಾಂಗ್ ಮೂಲಕ ವ್ಯಾಂಕೂವರ್‌ಗೆ ಹಾರಾಟ, ಮರುವರ್ಷ ಮೆಲ್ಬರ್ನ್‌ಗೆ, 2018ರಲ್ಲಿ ಪಾಂಡಾ ಚಿತ್ರ ಬಳಿದ ಎ350. 2021ರ ಜೂನ್ 27ರಂದು ಚೆಂಗ್ಡುವಿನ ಹೊಸ ತಿಯಾನ್‌ಫು ನಿಲ್ದಾಣ ತೆರೆದಾಗ ಅಲ್ಲಿಂದ ಮೊದಲು ಮೇಲೇರಿದ್ದೂ ಇದರ ವಿಮಾನವೇ. ನಡುವೆ 2003ರಲ್ಲಿ ಬರೀ ಎಂಟುಗಳೇ ಇರುವ 88888888 ಎಂಬ ಟೆಲಿಫೋನ್ ನಂಬರನ್ನು ಹರಾಜಿನಲ್ಲಿ 23.3 ಲಕ್ಷ ಯುವಾನ್ ಕೊಟ್ಟು ಕೊಂಡಿತು. ಚೀನೀಯರಿಗೆ ಎಂಟು ಅದೃಷ್ಟದ ಅಂಕಿ. ಟಿಕೆಟ್‌ಗೆ ಫೋನ್ ಮಾಡುತ್ತಿದ್ದ ಆ ಕಾಲದಲ್ಲಿ ಯಾರೂ ಮರೆಯದ ನಂಬರ್ ಇದ್ದರೆ ಸಂಸ್ಥೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸಂಸ್ಥೆಯ ನೆಲೆಯಾದ ಚೆಂಗ್ಡು ಬಯಲಲ್ಲಿದೆ. ಪಶ್ಚಿಮಕ್ಕೆ ಹೊರಟರೆ ಸ್ವಲ್ಪದರಲ್ಲೇ ನೆಲ ಗೋಡೆಯಾಗಿ ಏಳುತ್ತದೆ. ಅದೇ ಪ್ರಾಂತ್ಯದ ದಾವೋಚೆಂಗ್ ಯಾದಿಂಗ್ ನಿಲ್ದಾಣ 4,411 ಮೀಟರ್ ಎತ್ತರದಲ್ಲಿದೆ, ಪ್ರಪಂಚದ ಅತಿ ಎತ್ತರದ ನಾಗರಿಕ ವಿಮಾನ ನಿಲ್ದಾಣ ಅದು. ಅಂಥಲ್ಲಿ ಗಾಳಿ ತೆಳು, ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಡಿಮೆ. ಅದಕ್ಕೇ ಈ ದಾರಿಗಳಿಗೆ ಗಿಡ್ಡ ದೇಹದ, ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚಿರುವ ಎ319 ಒಗ್ಗುತ್ತದೆ. ಇನ್ನೊಂದು ಕಷ್ಟವಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಎಲ್ಲೆಡೆ ಕಲಿಸುವ ಪಾಠ ಇದು. ಟಿಬೆಟ್ ದಾರಿಯಲ್ಲಿ ಬೆಟ್ಟಗಳೇ ಅದಕ್ಕಿಂತ ಎತ್ತರ. ಆದ್ದರಿಂದ ಅಲ್ಲಿ ಹಾರುವ ವಿಮಾನಗಳಲ್ಲಿ ಪ್ರಯಾಣಿಕರ ಆಮ್ಲಜನಕವನ್ನು ಮಾಮೂಲಿಗಿಂತ ಹೆಚ್ಚು ಹೊತ್ತು ಬರುವಂತೆ ಇಟ್ಟಿರುತ್ತಾರೆ.

2018ರ ಮೇ 14ರ ಬೆಳಗ್ಗೆ ಈ ಪಾಠ ಪರೀಕ್ಷೆಗೆ ಬಂತು. ಚಾಂಗ್‌ಕಿಂಗ್‌ನಿಂದ ಲಾಸಾಗೆ ಹೊರಟಿದ್ದ 8633 ಸಂಖ್ಯೆಯ ಎ319ರಲ್ಲಿ 119 ಪ್ರಯಾಣಿಕರು, 9 ಸಿಬ್ಬಂದಿ. ಸುಮಾರು 32,000 ಅಡಿ ಎತ್ತರದಲ್ಲಿ ಬಲಗಡೆಯ ಮುಂಗಾಜು ಬಿರುಕುಬಿಟ್ಟಿತು. ಕ್ಯಾಪ್ಟನ್ ಲಿಯು ಚುವಾನ್‌ಜಿಯಾನ್ ಚೆಂಗ್ಡುವಿನತ್ತ ತಿರುಗುತ್ತೇವೆ ಎಂದು ತಿಳಿಸುವಷ್ಟರಲ್ಲಿ ಗಾಜು ಪೂರಾ ಕಿತ್ತುಹೋಯಿತು. ಸಹ ಪೈಲಟ್ ಶು ರುಯಿಚೆನ್ ಅವರ ಅರ್ಧ ದೇಹವನ್ನು ಗಾಳಿ ಕಿಟಕಿಯಾಚೆಗೆ ಎಳೆದುಕೊಂಡಿತು, ಬೆಲ್ಟ್ ಇದ್ದದ್ದರಿಂದ ಉಳಿದರು. ಮುಂದಿನ ನಿಯಂತ್ರಣ ಫಲಕ ಕಿತ್ತುಬಂತು, ಸ್ವಯಂಚಾಲನೆ ನಿಂತಿತು, ಗಾಳಿಯ ಆರ್ಭಟದಲ್ಲಿ ರೇಡಿಯೊ ಕೇಳಿಸಲಿಲ್ಲ. ಮೈಮೇಲೆ ಅರ್ಧ ತೋಳಿನ ಅಂಗಿ, ಎದುರಿಗೆ ಹಿಮಗಾಳಿ. ಬೇಗ ಇಳಿಯೋಣ ಎಂದರೆ ಕೆಳಗೆ ಬೆಟ್ಟಸಾಲು. ವಾಯುಪಡೆಯಲ್ಲಿ ತರಬೇತುದಾರರಾಗಿದ್ದ ಲಿಯು 24,000 ಅಡಿಯ ಹತ್ತಿರ ತಡೆದು, ಬೆಟ್ಟ ದಾಟಿದ ಮೇಲಷ್ಟೇ ಇನ್ನೂ ಕೆಳಗಿಳಿಸಿದರು. ಕ್ಯಾಬಿನ್‌ನಲ್ಲಿದ್ದ ಎರಡನೆಯ ಕ್ಯಾಪ್ಟನ್ ಲಿಯಾಂಗ್ ಪೆಂಗ್ ಮುಂದೆ ಬಂದು ನೆರವಾದರು. ಗಾಜು ಹೋಗಿ ಅರ್ಧ ಗಂಟೆಯ ಮೇಲೆ ವಿಮಾನ ಚೆಂಗ್ಡುವಿನಲ್ಲಿ ಇಳಿಯಿತು, ಒಬ್ಬರೂ ಸಾಯಲಿಲ್ಲ. ಮರುವರ್ಷ ಇದರ ಮೇಲೆ ದೊಡ್ಡ ಸಿನಿಮಾ ಬಂತು. ನನಗೆ ಸಿನಿಮಾಕ್ಕಿಂತ 2020ರ ತನಿಖಾ ವರದಿಯೇ ಹಿಡಿಸಿತು. ಗಾಜಿನ ಅಂಚಿನ ಸೀಲ್ ಕೆಟ್ಟು ತೇವ ಒಳಗೆ ಇಳಿದಿರಬಹುದು, ಗಾಜು ಬೆಚ್ಚಗಿಡುವ ವಿದ್ಯುತ್ ತಂತಿ ಅದರಲ್ಲಿ ನೆನೆದು ಕಿಡಿಯೆದ್ದಿರಬಹುದು, ಆ ಶಾಖಕ್ಕೆ ಗಾಜು ಒಡೆದಿರಬಹುದು ಎನ್ನುತ್ತದೆ ಅದು. ಆ ಹಾರಾಟದ ಸಂಖ್ಯೆಯನ್ನು ಸಂಸ್ಥೆ ಮತ್ತೆ ಬಳಸಲಿಲ್ಲ.

ಈಗ ಒಡೆತನದ ಮಾತು. 2002ರಲ್ಲಿ ಸಂಸ್ಥೆಯನ್ನು ಷೇರು ಕಂಪನಿಯಾಗಿ ಕಟ್ಟಿದಾಗ ಪ್ರಾಂತ್ಯದ ಸಿಚುವಾನ್ ಏರ್‌ಲೈನ್ಸ್ ಗ್ರೂಪ್‌ಗೆ ಶೇ. 40, ಚೈನಾ ಸದರ್ನ್‌ಗೆ ಶೇ. 39, ಶಾಂಘೈ ಮತ್ತು ಶಾಂಡಾಂಗ್ ಏರ್‌ಲೈನ್ಸ್‌ಗೆ ತಲಾ ಶೇ. 10, ಉಳಿದ ಶೇ. 1 ಚೆಂಗ್ಡುವಿನ ಒಂದು ಹೋಟೆಲಿಗೆ, ಗಿಂಕೊ ರೆಸ್ಟೊರೆಂಟ್ ಎಂಬ ಊಟದ ಹೋಟೆಲಿಗೆ! ಯುನೆಸ್ಕೊದಿಂದ 2010ರಲ್ಲಿ ಅಡುಗೆಯ ನಗರ ಎಂಬ ಮನ್ನಣೆ ಪಡೆದ ಊರಿಗೆ ಇದು ತಕ್ಕದ್ದೇ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಶಾಂಘೈ ಏರ್‌ಲೈನ್ಸ್ ಈಗ ಚೈನಾ ಈಸ್ಟರ್ನ್‌ನ ಭಾಗ, ಶಾಂಡಾಂಗ್ ಏರ್‌ಲೈನ್ಸ್ ಏರ್ ಚೈನಾದ ಕೈಯಲ್ಲಿ. ದೇಶದ ಮೂರು ದೈತ್ಯ ಸಂಸ್ಥೆಗಳೂ ನೇರವಾಗಿಯೋ ಬಳಸಿಯೋ ಈ ಪ್ರಾಂತೀಯ ಸಂಸ್ಥೆಯ ಒಳಗೆ ಕುಳಿತಿವೆ. ಚೀನಾದಲ್ಲಿ ಎಷ್ಟೋ ಪ್ರಾಂತೀಯ ಸಂಸ್ಥೆಗಳನ್ನು ಆ ಮೂವರು ನುಂಗಿದ್ದಾರೆ.

ಬೆಂಗಳೂರು ಮತ್ತು ಚೆಂಗ್ಡು 2013ರಿಂದ ಸಹೋದರ ನಗರಗಳು. ಕರ್ನಾಟಕ ಮತ್ತು ಸಿಚುವಾನ್ ನಡುವೆಯೂ 2015ರಲ್ಲಿ ಅಂಥದೇ ಒಪ್ಪಂದವಾಗಿದೆ. ಆ ಸಲುಗೆಯಿಂದ ಒಂದು ಮಾತು ಹೇಳುತ್ತೇನೆ. ಗಗನಸಖಿಯ ಕೈಗೆ ಚಟ್ನಿ ಡಬ್ಬ ಕೊಡಬೇಕೆಂದು ಬೀಜಿಂಗಿನ ಯಾವ ಕೇಂದ್ರ ಕಚೇರಿಗೂ ಹೊಳೆಯುವುದಿಲ್ಲ. ರೈಲೇ ಇರದ ಊರಿಗೆ ಮೊದಲ ವಿಮಾನ ಬಿಡಬೇಕೆಂದೂ ಹೊಳೆಯುವುದಿಲ್ಲ. ಅದು ಆ ಮಣ್ಣಿನವರಿಗೆ ಮಾತ್ರ ಹೊಳೆಯುವಂಥದ್ದು. ಸಿಚುವಾನ್ ಪ್ರಾಂತ್ಯ ತನ್ನ ವಿಮಾನ ಸಂಸ್ಥೆಯ ಲಗಾಮನ್ನು, ದೈತ್ಯರು ಎಷ್ಟೇ ಬೆಲೆ ಕಟ್ಟಲಿ, ಬಿಟ್ಟುಕೊಡಬಾರದು.