ಹಿತ್ತಲಿನ ಕೋಳಿಗೆ ಗೂಡಷ್ಟೇ ಸಾಲದು, ಲಸಿಕೆಯೂ ಬೇಕು

ಬೆಂಗಳೂರು: ಮನೆಯ ಹಿಂದೆ ನಾಲ್ಕು ಪಾತಿ ಸೊಪ್ಪು, ಎಂಟು-ಹತ್ತು ಕೋಳಿ. ನಗರದಂಚಿನ ಬಡಾವಣೆಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ತುಸು ಜಾಗ ಉಳಿಸಿಕೊಂಡವರಿಗೆ ಇದು ಎಟುಕದ ಆಸೆಯೇನಲ್ಲ. ಸೊಪ್ಪು ಕೆಟ್ಟರೆ ನಷ್ಟವಾಗುವುದು ಒಂದು ಹಿಡಿ ಬೀಜ, ಮತ್ತೆ ಬಿತ್ತಬಹುದು. ಕೋಳಿಗಳಿಗೆ ರೋಗ ತಗುಲಿದರೆ ಮಾತ್ರ ಕೆಲವೇ ದಿನಗಳಲ್ಲಿ ಗೂಡು ಬರಿದಾಗುತ್ತದೆ.

ಹೀಗೆ ಗೂಡು ಬರಿದು ಮಾಡುವ ರೋಗಗಳಲ್ಲಿ ಮುಖ್ಯವಾದುದು ಕೊಕ್ಕರೆ ರೋಗ. ಭಾರತದಲ್ಲಿ ಇದು ಮೊದಲು ಗುರುತಿಸಲ್ಪಟ್ಟಿದ್ದು 1927ರಲ್ಲಿ, ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ. ಆದ್ದರಿಂದಲೇ ಪಶುವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಕೋಳಿ ಬಾಯಿ ತೆರೆದು ಉಸಿರಾಡುತ್ತದೆ, ಹಸಿರು ಬಣ್ಣದ ನೀರುನೀರಾದ ಹಿಕ್ಕೆ ಹಾಕುತ್ತದೆ. ಕತ್ತು ತಿರುಚಿಕೊಳ್ಳುವುದೂ ಉಂಟು. ರೋಗಕ್ಕೆ ವೈರಾಣು ಕಾರಣವಾದ್ದರಿಂದ ಇದನ್ನು ಗುಣಪಡಿಸುವ ಔಷಧವಿಲ್ಲ. ನಾಟಿ ಕೋಳಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಪಟ್ಟಣವಾಸಿಗಳಲ್ಲಿ ಬಲವಾಗಿದೆ. ಅದು ನಿಜವಲ್ಲ.

ಇರುವ ದಾರಿ ಲಸಿಕೆ ಒಂದೇ. ಮರಿಗೆ ಒಂದು ವಾರ ತುಂಬುವುದರೊಳಗೆ ಕಣ್ಣಿಗೆ ಅಥವಾ ಮೂಗಿಗೆ ಮೊದಲ ಹನಿ, ನಾಲ್ಕನೇ ವಾರದಲ್ಲಿ ಮತ್ತೊಮ್ಮೆ, ಎಂಟರಿಂದ ಹತ್ತನೇ ವಾರದ ನಡುವೆ ಚುಚ್ಚುಮದ್ದು. ಕೇಳುವುದಕ್ಕೆ ಸುಲಭ. ತೊಡಕಿರುವುದು ಸೀಸೆಯಲ್ಲಿ. ಲಸಿಕೆ ಸಾಮಾನ್ಯವಾಗಿ ಬರುವುದು 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವ ಸೀಸೆಗಳಲ್ಲಿ. ಅದನ್ನು ತಂಪಿನಲ್ಲೇ ಇಡಬೇಕು. ಒಮ್ಮೆ ಕಲಸಿದರೆ ಒಂದೆರಡು ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹತ್ತು ಕೋಳಿಯ ಒಡೆಯ ಮಿಕ್ಕ ತೊಂಬತ್ತು ಪಾಲನ್ನು ಚೆಲ್ಲಬೇಕಾಗುತ್ತದೆ. ಇದನ್ನು ಕಂಡು ಲಸಿಕೆಯ ಗೊಡವೆಯೇ ಬೇಡ ಎನ್ನುವವರಿದ್ದಾರೆ. ಇದಕ್ಕಿಂತ, ಅಕ್ಕಪಕ್ಕದ ಬೀದಿಗಳಲ್ಲಿ ಕೋಳಿ ಸಾಕುವವರು ಒಂದೇ ದಿನ ಮರಿ ತರಿಸಿ, ಹತ್ತಿರದ ಪಶು ಆಸ್ಪತ್ರೆಯನ್ನು ಮೊದಲೇ ವಿಚಾರಿಸಿ ಒಟ್ಟಾಗಿ ಹಾಕಿಸುವುದು ಜಾಣತನ.

ತಳಿಯ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ 'ಗಿರಿರಾಜ' ನೋಡಲು ನಾಟಿ ಕೋಳಿಯಂತೆ ಬಣ್ಣಬಣ್ಣದ್ದು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ನಂತರ ಬಂದ 'ಸ್ವರ್ಣಧಾರ' ಅದಕ್ಕಿಂತ ಹೆಚ್ಚು ಇಡುತ್ತದೆ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಮರಿ ಬೇಕೆಂದರೆ ಪ್ರತಿ ಸಲವೂ ಕೊಂಡು ತರಬೇಕು. ಮೊಟ್ಟೆಯಷ್ಟೇ ಸಾಕೆನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಬೆಳಗಿನ ಜಾವದ ಕೂಗಿನಿಂದ ನೆರೆಯವರೊಂದಿಗೆ ಮನಸ್ತಾಪವೂ ತಪ್ಪುತ್ತದೆ.

ಕೋಳಿ ಮತ್ತು ತರಕಾರಿ ಪರಸ್ಪರ ಪೂರಕ ಎಂಬ ಮಾತು ಅರ್ಧ ಸತ್ಯ. ಬಲೆ ಕಟ್ಟದ ಪಾತಿಗೆ ಹೊಕ್ಕ ಹೇಂಟೆ ಹರಿವೆ, ಮೆಂತ್ಯದ ಮೊಳಕೆಯನ್ನು ಒಂದೇ ಬೆಳಗಿನಲ್ಲಿ ಕೆದರಿ ಮುಗಿಸುತ್ತದೆ. ನುಗ್ಗೆ ಮರದ ಬುಡದಲ್ಲಿ, ಚಪ್ಪರಕ್ಕೆ ಹಬ್ಬಿದ ಅವರೆ, ಹೀರೆಯ ಕೆಳಗೆ ಕೋಳಿ ಮೇಯಿಸಿದರೆ ಹುಳುಹುಪ್ಪಟೆ ಕಡಿಮೆಯಾಗುತ್ತವೆ, ನೆರಳೂ ಸಿಗುತ್ತದೆ. ಗೂಡಿನಿಂದ ತೆಗೆದ ಹಸಿ ಹಿಕ್ಕೆಯನ್ನು ನೇರವಾಗಿ ಗಿಡಕ್ಕೆ ಹಾಕುವಂತಿಲ್ಲ. ಅದರ ಕಾವಿಗೆ ಬೇರು ಸುಡುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣುಗಳೂ ಅಂಟಬಹುದು. ಒಣ ಎಲೆಯೊಂದಿಗೆ ಬೆರೆಸಿ ಎರಡು-ಮೂರು ತಿಂಗಳು ಚೆನ್ನಾಗಿ ಕೊಳೆಯಿಸಿದ ಬಳಿಕವಷ್ಟೇ ಅದು ಗೊಬ್ಬರ.

ಕೋಳಿಗಳು ಒಂದರ ಹಿಂದೊಂದು ಸತ್ತರೆ ಕಸದ ಗಾಡಿಗೆ ಎಸೆಯುವುದು, ಸಾಯುವ ಮುನ್ನ ಕೊಯ್ದು ತಿನ್ನುವುದು ಎರಡೂ ಅಪಾಯಕಾರಿ. ಅದು ಕೊಕ್ಕರೆ ರೋಗವೋ, ಮನುಷ್ಯರಿಗೂ ತಗುಲಬಲ್ಲ ಹಕ್ಕಿಜ್ವರವೋ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ತಿಳಿಯದು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಹೊರವಲಯದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತಾಗ ಪರೀಕ್ಷೆಯಿಂದಲೇ ಹಕ್ಕಿಜ್ವರ ದೃಢಪಟ್ಟಿತ್ತು. ಅಂಥ ಸಂದರ್ಭದಲ್ಲಿ ಸೋಂಕಿನ ವಲಯದ ಹಿತ್ತಲ ಕೋಳಿಗಳನ್ನೂ ಬಿಡದೆ ಕೊಲ್ಲಲಾಗುತ್ತದೆ. ಹೀಗೆ ಕೊಂದ ಕೋಳಿಗೆ ಸರ್ಕಾರದಿಂದ ಪರಿಹಾರವಿದೆ, ಅದಕ್ಕೂ ಮೊದಲೇ ರೋಗದಿಂದ ಸತ್ತ ಕೋಳಿಗೆ ಇಲ್ಲ. ಎರಡನೇ ಕೋಳಿ ಸಾಯುವವರೆಗೆ ಕಾಯದೆ ಪಶು ಆಸ್ಪತ್ರೆಗೆ ತಿಳಿಸುವುದೇ ಕ್ಷೇಮ.