ಸಿಡಿಲಿನಲ್ಲಿ ವಿಕಿರಣವುಂಟೇ?

ನಮ್ಮ ಬಾಲ್ಯದಲ್ಲಿ ಗುಡುಗು ಆರಂಭವಾದೊಡನೆ ಅಜ್ಜಿಯು ಕತ್ತಿಯೊಂದನ್ನು ಅಂಗಳಕ್ಕೆ ಎಸೆದು, ಮಕ್ಕಳನ್ನೆಲ್ಲ ಒಳಗೆ ಕೂಡಿಸಿ, ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುತ್ತಿದ್ದಳು. ಕತ್ತಿಯಿಂದ ಪ್ರಯೋಜನವೇನಾಯಿತೋ ಕಾಣೆ. ಮಕ್ಕಳನ್ನು ಒಳಗೆ ಕೂಡಿಸಿದುದು ಮಾತ್ರ ಇಂದಿನ ವೈದ್ಯರೂ ಒಪ್ಪುವ ಕ್ರಮ. ಕಳೆದ ಮಳೆಗಾಲದ ಕೊನೆಯಲ್ಲಿ, ಗುಡುಗಿನ ಒಂದು ಸಂಜೆ, ಪಾರ್ಲೆಯ ನಮ್ಮ ಕಟ್ಟಡದ ನೆರೆಮನೆಯ ಗೃಹಿಣಿಯೊಬ್ಬರು ಕೇಳಿದ ಪ್ರಶ್ನೆಯೇ ಬೇರೆ: “ರಾಯರೇ, ಮಿಂಚಿನಿಂದ ಎಕ್ಸ್‌ರೇ ಹೊರಡುತ್ತದಂತೆ, ನಿಜವೇ? ಬಾಲ್ಕನಿಯಲ್ಲಿ ನಿಂತ ಮಕ್ಕಳಿಗೆ ಮುಂದೆ ಕ್ಯಾನ್ಸರ್ ಬಂದೀತೇ?”

ಮೊದಲನೆಯದು ನಿಜ, ಎರಡನೆಯದಕ್ಕೆ ಅಂಜಬೇಕಾಗಿಲ್ಲ. ಆದರೆ ಈ ಉತ್ತರ ಅವರಿಗೆ ಸಾಲಲಿಲ್ಲ. ಸಾಲದಿರುವುದೂ ಸಹಜವೇ.

ಗುಡುಗುಮೋಡದೊಳಗೆ ಪ್ರಬಲವಾದ ವಿದ್ಯುತ್ ಕ್ಷೇತ್ರವಿರುತ್ತದೆ. ಅದರಲ್ಲಿ ಸಿಕ್ಕಿದ ಎಲೆಕ್ಟ್ರಾನು ಗಾಳಿಯ ಕಣಗಳಿಗೆ ಢಿಕ್ಕಿ ಹೊಡೆಯುತ್ತ ಶಕ್ತಿಯನ್ನು ಕಳೆದುಕೊಳ್ಳುವುದು ವಾಡಿಕೆ. ಸಂಜೆ ಆರು ಗಂಟೆಗೆ ದಾದರಿನ ಸೇತುವೆ ದಾಟುವವನ ಪಾಡನ್ನು ನೆನೆದರೆ ಇದು ಅರ್ಥವಾಗುತ್ತದೆ. ಆದರೆ ಎಲೆಕ್ಟ್ರಾನಿನ ವಿಷಯದಲ್ಲಿ ಒಂದು ವಿಚಿತ್ರವುಂಟು. ಅದು ಮೊದಲೇ ಬಹಳ ವೇಗದಲ್ಲಿದ್ದರೆ ಗಾಳಿಯ ತಡೆ ಹೆಚ್ಚುವ ಬದಲು ತಗ್ಗುತ್ತದೆ. ಆಗ ಕಳೆದುಕೊಳ್ಳುವುದಕ್ಕಿಂತ ಪಡೆಯುವ ಶಕ್ತಿಯೇ ಹೆಚ್ಚಾಗಿ, ಅದು ಹಿಡಿತವಿಲ್ಲದೆ ಓಡತೊಡಗುತ್ತದೆ; ದಾರಿಯಲ್ಲಿ ಇತರ ಎಲೆಕ್ಟ್ರಾನುಗಳನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಇವು ಪರಮಾಣು ಬೀಜಗಳ ಬಳಿ ಹಾದು ದಿಕ್ಕು ತಪ್ಪಿದಾಗ ಕ್ಷ-ಕಿರಣ, ಗಾಮಾ ಕಿರಣಗಳು ಹೊರಬೀಳುತ್ತವೆ. ಹೀಗೆ ಎಲೆಕ್ಟ್ರಾನುಗಳು ಓಡಬಲ್ಲವೆಂದು ಸ್ಕಾಟ್ಲೆಂಡಿನ ವಿಜ್ಞಾನಿ ಸಿ. ಟಿ. ಆರ್. ವಿಲ್ಸನ್ 1925ರಲ್ಲಿಯೇ ಸೂಚಿಸಿದ್ದರು. ದೂರದ ನಕ್ಷತ್ರಲೋಕದ ಗಾಮಾ ಕಿರಣಗಳನ್ನು ಅರಸಲು 1991ರಲ್ಲಿ ಹಾರಿಬಿಟ್ಟ ಕಾಂಪ್ಟನ್ ಉಪಗ್ರಹಕ್ಕೆ ನಮ್ಮ ಭೂಮಿಯ ಮೋಡಗಳಿಂದಲೇ ಅಂಥ ಕಿರಣಗಳ ಕ್ಷಣಿಕ ಸ್ಫೋಟಗಳು ಕಂಡವು. 1994ರಲ್ಲಿ ಆ ವಿಷಯ ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. ಎದೆಯ ಚಿತ್ರ ತೆಗೆಯುವ ಕ್ಷ-ಕಿರಣಕ್ಕಿಂತ ಇವುಗಳ ಶಕ್ತಿ ನೂರು ಪಟ್ಟಿಗೂ ಮಿಗಿಲು.

ಆ ಮೊದಲ ವೇಗದ ಎಲೆಕ್ಟ್ರಾನು ಬರುವುದೆಲ್ಲಿಂದ? ಬಹುಮಟ್ಟಿಗೆ ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳಿಂದ. ಇಲ್ಲಿ ಕಥೆ ನಮ್ಮ ಊರಿಗೆ ಬರುತ್ತದೆ. ವಿಶ್ವಕಿರಣಗಳ ಅಭ್ಯಾಸದಲ್ಲಿ ಹೆಸರಾದ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರ ಜೂನಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಹುಟ್ಟಿ, ಅದೇ ವರ್ಷ ಮುಂಬಯಿಗೆ ಬಂದಿತು. ನಮ್ಮಂತೆಯೇ ಅದೂ ಕನ್ನಡನಾಡಿನಿಂದ ವಲಸೆ ಬಂದುದು! ಮೈಸೂರು ಸೀಮೆಯವರಾದ ಬಿ. ವಿ. ಶ್ರೀಕಂಠನ್ ಅವರು ಈ ಸಂಸ್ಥೆಯನ್ನು ಸೇರಿ, 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಳಕ್ಕೆ ಉಪಕರಣಗಳನ್ನು ಇಳಿಸಿ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು ಎಷ್ಟು ಆಳದವರೆಗೆ ತೂರಿಬರುತ್ತವೆಂದು ಅಳೆದರು. 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

ಅದೇ ಮ್ಯೂಆನ್ ಮುಂದೆ ಮೋಡವನ್ನು ಅಳೆಯುವ ಕೋಲೂ ಆಯಿತು. ಇದೇ ಸಂಸ್ಥೆಯವರು ಜಪಾನೀ ಸಹಯೋಗದಲ್ಲಿ ಊಟಿಯಲ್ಲಿ, ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿ, ಗ್ರೇಪ್ಸ್-3 ಎಂಬ ಪ್ರಯೋಗ ನಡೆಸುತ್ತಿದ್ದಾರೆ. 560 ಚದರ ಮೀಟರ್ ವಿಸ್ತಾರದ ಅದರ ಮ್ಯೂಆನ್ ದೂರದರ್ಶಕವು 2011ರ ಏಪ್ರಿಲಿನಿಂದ 2014ರ ಡಿಸೆಂಬರಿನವರೆಗೆ 184 ಗುಡುಗುಮಳೆಗಳನ್ನು ಗಮನಿಸಿತು. 2014ರ ಡಿಸೆಂಬರ್ 1ರಂದು ಮೋಡವೊಂದು ಮೇಲೆ ಹಾದಾಗ ಒಂದು ದಿಕ್ಕಿನಿಂದ ಬರುವ ಮ್ಯೂಆನ್‌ಗಳ ಸಂಖ್ಯೆ 18 ನಿಮಿಷಗಳ ಕಾಲ ಸುಮಾರು ನೂರಕ್ಕೆ ಎರಡರಷ್ಟು ಇಳಿಯಿತು. ಮ್ಯೂಆನ್‌ಗಳಲ್ಲಿ ಧನ ಆವೇಶದವು ತುಸು ಹೆಚ್ಚು. ಮೋಡದ ವಿದ್ಯುತ್ತು ಅವನ್ನು ತಡೆದುದೇ ಇದಕ್ಕೆ ಕಾರಣ. ಈ ಇಳಿತದಿಂದ ಲೆಕ್ಕಹಾಕಿದಾಗ ದೊರೆತ ವಿದ್ಯುತ್ ವಿಭವ 130 ಕೋಟಿ ವೋಲ್ಟ್! ನಮ್ಮ ಮನೆಯ ದೀಪ ಉರಿಯುವುದು 230 ವೋಲ್ಟಿನಿಂದ. 2019ರಲ್ಲಿ ಪ್ರಕಟವಾದ ಈ ಫಲಿತಾಂಶವು ಗಾಮಾ ಕಿರಣಗಳಿಗೆ ಬೇಕಾದ ಬಲ ಮೋಡದಲ್ಲಿ ನಿಜಕ್ಕೂ ಇದೆಯೆಂದು ತೋರಿಸಿತು. ಬಲೂನು ಹಾರಿಸಿ ಅಳೆದಾಗ ಇಡಿಯ ಮೋಡದ ವಿಭವ ಒಮ್ಮೆಗೇ ಸಿಕ್ಕುವುದಿಲ್ಲ. ಮ್ಯೂಆನ್ ಅದನ್ನು ಮೇಲಿನಿಂದ ಕೆಳಗಿನವರೆಗೆ ತೂರಿಬರುತ್ತದೆ. ಈ ಜಾಣ್ಮೆಯನ್ನು ನಾನಂತೂ ಮೆಚ್ಚುತ್ತೇನೆ.

ಹಾಗಾದರೆ ಬಾಲ್ಕನಿಯ ಮಕ್ಕಳ ಗತಿಯೇನು? ಗಾಮಾ ಸ್ಫೋಟ ಹುಟ್ಟುವುದು ಸಾಮಾನ್ಯವಾಗಿ ಹಲವು ಕಿಲೋಮೀಟರ್ ಎತ್ತರದಲ್ಲಿ; ಅದರ ಆಯುಷ್ಯ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ನೆಲದ ಸಮೀಪದ ದಟ್ಟವಾದ ಗಾಳಿಯು ಅದನ್ನು ಹೀರಿಬಿಡುತ್ತದೆ. ಜಪಾನಿನ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ಗುಡುಗುಮೋಡಗಳು ತೀರ ಕೆಳಗೆ ಸಾಗುವುದರಿಂದ ಅಲ್ಲಿ ನೆಲದ ಮೇಲೆಯೇ ಈ ಕಿರಣಗಳನ್ನು ಅಳೆಯಲು ಸಾಧ್ಯವಾಗಿದೆ. 2017ರ ಫೆಬ್ರವರಿಯ ಒಂದು ಮಿಂಚು ಗಾಳಿಯ ಸಾರಜನಕದಲ್ಲಿ ಪರಮಾಣು ಕ್ರಿಯೆಯನ್ನೇ ನಡೆಸಿತೆಂದು ಅಲ್ಲಿ ಗೊತ್ತಾಯಿತು. ನಮ್ಮ ಮೋಡಗಳು ಅಷ್ಟು ತಗ್ಗಿನವಲ್ಲ. ಪಾರ್ಲೆಯ ನೆತ್ತಿಯ ಮೇಲೆ ಹಗಲಿರುಳು ಹಾರುವ ವಿಮಾನಗಳ ಪ್ರಯಾಣಿಕರಿಗೆ ಅಪಾಯವುಂಟೇ ಎಂಬ ಪ್ರಶ್ನೆಯನ್ನು ತಜ್ಞರು ಎತ್ತಿದ್ದಾರೆ. ಸ್ಫೋಟದ ಕೇಂದ್ರಕ್ಕೇ ವಿಮಾನ ಸಿಕ್ಕಿದರೆ ವಿಕಿರಣದ ಪ್ರಮಾಣ ಅಲಕ್ಷಿಸುವಂಥದಲ್ಲವೆಂದು ಲೆಕ್ಕ ಹೇಳುತ್ತದೆ. ಆದರೆ ಗುಡುಗುಮೋಡವನ್ನು ಬಳಸಿಕೊಂಡು ಹೋಗುವುದೇ ವಿಮಾನಚಾಲಕರ ನಿಯಮವಾದುದರಿಂದ ಅಂಥ ಸಂಭವ ಅತ್ಯಲ್ಪ.

ಸಿಡಿಲು ಕೊಲ್ಲುವುದು ವಿಕಿರಣದಿಂದಲ್ಲ, ವಿದ್ಯುತ್ತಿನಿಂದ. ಈ ಮಾತು ನಮ್ಮವರಿಗೆ ಮುಖ್ಯ. ಏಕೆಂದರೆ ನಾವು ಮಕ್ಕಳೊಡನೆ ಊರಿಗೆ ಹೋಗುವುದು ಮೇ ತಿಂಗಳಲ್ಲಿ. ಕರ್ನಾಟಕದಲ್ಲಿ ಮುಂಗಾರಿಗೆ ಮುಂಚಿನ ಸಿಡಿಲುಮಳೆಯ ಕಾಲವೂ ಅದೇ. ಮುಂಬಯಿಯ ಕಾಂಕ್ರೀಟಿನ ಆಶ್ರಯಕ್ಕೆ ಒಗ್ಗಿದ ಮಗು ಊರಿನ ಬಯಲಿನಲ್ಲಿ ಮಳೆ ಬಂದರೆ ಮಾವಿನ ಮರದಡಿಗೆ ಓಡುತ್ತದೆ. ಒಂಟಿ ಮರದ ಬುಡದಷ್ಟು ಕೆಟ್ಟ ತಾಣ ಇನ್ನೊಂದಿಲ್ಲ. ಗುಡುಗು ಕೇಳಿಸಿತೆಂದರೆ ಸಿಡಿಲು ಎಟುಕುವಷ್ಟು ಸಮೀಪದಲ್ಲಿದೆಯೆಂದೇ ತಿಳಿದು, ಗಟ್ಟಿ ಕಟ್ಟಡವನ್ನೋ ಮುಚ್ಚಿದ ಕಾರು-ಬಸ್ಸನ್ನೋ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಕೆರೆ, ತಂತಿಬೇಲಿ, ಮಾಳಿಗೆಯ ಬಯಲು ಇವು ವರ್ಜ್ಯ. ಮನೆಯೊಳಗೂ ನಲ್ಲಿಯ ಕೆಳಗೆ ಸ್ನಾನ ಆ ಹೊತ್ತಿಗೆ ಬೇಡ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರ ‘ದಾಮಿನಿ’ ಎಂಬ ಮೊಬೈಲ್ ಸಾಧನವು ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಊರಿನ ಹಿರಿಯರ ಫೋನಿನಲ್ಲಿಯೂ ಅದನ್ನು ಹಾಕಿಕೊಟ್ಟು ಬನ್ನಿ.

ಇನ್ನೊಂದು ಮಾತು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಟ್ಟಬಾರದು ಎಂಬ ನಂಬಿಕೆಯಿಂದ ಜನ ದೂರ ನಿಂತು ನೋಡುವುದುಂಟು. ಇದು ಶುದ್ಧ ತಪ್ಪು, ಕೂಡಲೇ ಮುಟ್ಟಬಹುದು. ಸಿಡಿಲಿನ ಆಘಾತಕ್ಕೆ ಹೃದಯವೂ ಉಸಿರಾಟವೂ ಒಮ್ಮೆಗೇ ನಿಲ್ಲುತ್ತವೆ. ತಡಮಾಡದೆ ನೆರವಾದರೆ ಸತ್ತಂತೆ ಬಿದ್ದವನೂ ಬದುಕಿಬರುವುದುಂಟು. ಹಲವರಿಗೆ ಒಟ್ಟಿಗೆ ಹೊಡೆತ ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಉಸಿರಿಲ್ಲದವರ ಬಳಿಗೆ ಮೊದಲು ಹೋಗಬೇಕು. 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಜೋಡಿಸಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಎರಡಂಗುಲ ಇಳಿಯುವಂತೆ ಒತ್ತುತ್ತಿರಬೇಕು. ವೈದ್ಯರ ನೆರವು ಬರುವವರೆಗೆ ನಿಲ್ಲಿಸಬಾರದು.